ಜವಾರಿ ಕೋಳಿಗಳ ಮೇಲೆ ಹೊರಿಸಿದ ರೋಗ

ಇದನ್ನು ಬರೆಯಲು ನಾನು ಮೊದಲ ಸಲ ಕೂತದ್ದು ಮೊಣಕಾಲಿನ ಆಪರೇಷನ್ ಆದಾಗ. ಆಗ ನೋವಿನ ನೆಪ ಸಿಕ್ಕಿತು. ಆಮೇಲೆ ಕನ್ನಡಕದ ನಂಬರು ಬದಲಾಗಿದೆ ಎಂಬ ನೆಪ, ಅದಾದ ಮೇಲೆ ಒಳ್ಳೆಯ ಪೆನ್ನಿಲ್ಲ ಎಂಬ ನೆಪ. ಈಗ ಮೊಣಕಾಲು ನಡೆಯುತ್ತದೆ, ಕನ್ನಡಕ ಹೊಸದು, ಮೊಮ್ಮಗಳು ಡಬ್ಬಿ ತುಂಬ ಪೆನ್ನು ತಂದಿಟ್ಟಿದ್ದಾಳೆ. ನೆಪಗಳೆಲ್ಲ ಮುಗಿದದ್ದರಿಂದ ಬರೆಯುತ್ತಿದ್ದೇನೆ.

ನನ್ನ ಒಂದು ಮಾತಿನಿಂದ ಒಬ್ಬ ಹೆಂಗಸು ತನ್ನ ಕೆಲಸ, ಇರುವ ಕೋಣೆ, ಸಾಕಿದ ಕೋಳಿ ಎಲ್ಲವನ್ನೂ ಕಳೆದುಕೊಂಡಳು. ತಪ್ಪು ನನ್ನದು. ಇಷ್ಟನ್ನು ಮೊದಲೇ ಹೇಳಿಬಿಡುವುದು ವಾಸಿ. ಮುಂದೆ ಬರೆಯುತ್ತ ಹೋದಂತೆ ನಾನು ನನ್ನನ್ನೇ ಸ್ವಲ್ಪ ಸ್ವಲ್ಪ ಒಳ್ಳೆಯವನನ್ನಾಗಿ ಮಾಡಿಕೊಂಡೇನು. ಆ ಕಲೆಯಲ್ಲಿ ನನಗೆ ಅಭ್ಯಾಸ ಬಹಳ.

ನಾನು ಮೆಟ್ರಿಕ್ ಪಾಸಾದವನು. ಬಿಜಾಪುರದ ಕಡೆಯಿಂದ ಪುಣೆಗೆ ಬಂದು, ಧನಕವಡಿಯಲ್ಲಿ ಮನೆ ಮಾಡಿ, ಹತ್ತಾರು ಕೆಲಸ ನೋಡಿ, ತೊಂಬತ್ತರ ದಶಕದ ನಡುವಿನಲ್ಲಿ ತಳೇಗಾಂವ ದಾಭಾಡೆಯ ಆಚೆಗಿದ್ದ ಒಂದು ಕೋಳಿ ಫಾರ್ಮಿನ ಮೇಲ್ವಿಚಾರಕನಾದೆ. ವಾರವೆಲ್ಲ ಅಲ್ಲೇ ಇದ್ದು ರವಿವಾರ ಮನೆಗೆ ಬರುತ್ತಿದ್ದೆ. ಮಾಲೀಕರು ಕರಾವಳಿಯವರು. ಊರೊಳಗೆ ಅವರ ಹೋಟೆಲುಗಳಿದ್ದವು. ದಿನವೂ ಹೊರಗಿನವರಿಂದ ಮೊಟ್ಟೆ ಯಾಕೆ ತರಿಸಬೇಕು ಎಂದು ಎರಡು ಶೆಡ್ಡು ಕಟ್ಟಿ ಎಂಟು ಸಾವಿರ ಕೋಳಿ ಇಟ್ಟರು. ಕೋಳಿಗೆ ಎರಡು ಕಾಲು ಎಂಬುದರ ಹೊರತು ನನಗೆ ಏನೂ ತಿಳಿದಿರಲಿಲ್ಲ. ಮಾಲೀಕರಿಗೆ ಅದೂ ತಟ್ಟೆಯಲ್ಲಿ ನೋಡಿ ತಿಳಿದದ್ದು.

ನಿಜವಾಗಿ ಕೋಳಿ ಬಲ್ಲವಳು ಒಬ್ಬಳೇ ಇದ್ದಳು. ಶೆಡ್ಡುಗಳಿಗೆ ನೀರು ತುಂಬುವ, ನೀರಿನ ತಟ್ಟೆ ತೊಳೆಯುವ ಹೆಂಗಸು. ಅಕ್ಕಲಕೋಟೆಯ ಕಡೆಯವಳು. ಹೊರಗೆ ಮರಾಠಿ, ನನ್ನೊಡನೆ ಕನ್ನಡ. ಗಂಡ ಲಾರಿಯ ಮೇಲೆ ಊರೂರು ತಿರುಗುವವನು, ಬಂದರೆ ಬಂದ. ಫಾರ್ಮಿನ ಹಿಂದೆ ಒಂದು ತಗಡಿನ ಕೋಣೆಯಲ್ಲಿ ಆಕೆಯ ವಾಸ, ಆ ಕೋಣೆಯ ಮುಂದೆ ಹದಿನಾಲ್ಕು ಜವಾರಿ ಕೋಳಿ, ಅಂದರೆ ನಾಟಿ ಕೋಳಿ. ಫಾರ್ಮಿನಲ್ಲಿ ಕೆಲಸ ಮಾಡುವವರು ಸ್ವಂತಕ್ಕೆ ಕೋಳಿ ಸಾಕಬಾರದು ಎಂದು ಗೇಟಿನಲ್ಲಿ ಬೋರ್ಡು ಇತ್ತು. ಬರೆಸಿ ಹಾಕಿದವನು ನಾನೇ. ಆದರೆ ವಾರಕ್ಕೊಮ್ಮೆ ನಾಲ್ಕು ಜವಾರಿ ಮೊಟ್ಟೆ ನನ್ನ ಮೇಜಿಗೆ ಬರುತ್ತಿದ್ದುದರಿಂದ ಆ ಬೋರ್ಡಿನ ಕಡೆ ನಾನು ನೋಡುತ್ತಿರಲಿಲ್ಲ. ಸುತ್ತ ಸಾವಿರಾರು ಮೊಟ್ಟೆ ಉರುಳುತ್ತಿರುವಾಗ ನಾಲ್ಕು ಮೊಟ್ಟೆಗೆ ಬಾಯಿ ಚಪ್ಪರಿಸುವ ಮೇಲ್ವಿಚಾರಕ ಬೇರೆಲ್ಲೂ ಸಿಗಲಾರ.

ಈಗ ಹಾಲಿನ ಪುಡಿಯ ಮಾತು. ಕೋಳಿಗಳಿಗೆ ಕೊಕ್ಕರೆ ರೋಗ ಎಂಬುದೊಂದು ಬರುತ್ತದೆ. ಮರಾಠಿಯಲ್ಲಿ ಅದನ್ನು ಮಾನಮೋಡಿ ಅನ್ನುತ್ತಾರೆ, ಕುತ್ತಿಗೆ ತಿರುಚಿಕೊಂಡು ಸಾಯುವುದರಿಂದ. ಅದು ಬರದಂತೆ ಎರಡು ತಿಂಗಳಿಗೊಮ್ಮೆ ಕುಡಿಯುವ ನೀರಿನಲ್ಲಿ ಲಸಿಕೆ ಕೊಡುತ್ತಿದ್ದೆವು. ಲಸಿಕೆ ಎಂದರೆ ಅದೇ ಜಾತಿಯ ಸೌಮ್ಯವಾದ ವೈರಸ್ಸು, ಜೀವಂತ. ಬೆಳಿಗ್ಗೆ ಎರಡು ತಾಸು ಕೋಳಿಗಳಿಗೆ ನೀರು ಬಂದ್ ಮಾಡಿ, ಬಾಯಾರಿದ ಮೇಲೆ ಲಸಿಕೆಯ ನೀರು ಇಟ್ಟರೆ ಗಟಗಟ ಕುಡಿಯುತ್ತವೆ. ಆ ನೀರಿಗೆ ಮೊದಲು ಕೆನೆ ತೆಗೆದ ಹಾಲಿನ ಪುಡಿ ಬೆರೆಸಬೇಕು. ನೀರಿನಲ್ಲಿ ಕ್ಲೋರಿನ್ ಇದ್ದರೆ ಅದು ಲಸಿಕೆಯನ್ನು ಕೊಲ್ಲುತ್ತದೆ, ಹಾಲಿನ ಪುಡಿ ಕ್ಲೋರಿನ್ನಿನ ಬಾಯಿ ಕಟ್ಟುತ್ತದೆ. ಫಾರ್ಮಿಗೆ ಬರುತ್ತಿದ್ದ ಧಾರವಾಡದ ಕಡೆಯ ಡಾಕ್ಟರರು ಇದನ್ನು ನನಗೆ ನಾಲ್ಕು ಸಲ ಹೇಳಿದ್ದರು. ಹಾಗಾಗಿ ಲಸಿಕೆಯ ಜೊತೆಗೆ ಪುಡಿಯ ಪೊಟ್ಟಣಗಳೂ ಬರುತ್ತಿದ್ದವು.

ನಮ್ಮ ಕಡೆ ಮನೆಗೆ ಬಂದವರಿಗೆ ಚಹಾ ಕೊಡದೆ ಕಳಿಸಿದರೆ ಮಾನ ಹೋದಂತೆ. ಫಾರ್ಮಿನಲ್ಲಿ ಸಕ್ಕರೆ ಇತ್ತು, ಚಹಾಪುಡಿ ಇತ್ತು, ಹಾಲು ಮಾತ್ರ ಎರಡು ಮೈಲು ದೂರ. ಹಾಲಿನ ಪುಡಿಯಲ್ಲಿ ಮೊದಮೊದಲು ಒಂದು ಚಮಚ ಚಹಾಕ್ಕೆ ಹೋಯಿತು, ಆಮೇಲೆ ನಾಲ್ಕು. ಕಡೆಗೆ ಕೋಳಿಯ ಪಾಲಿನ ಪೊಟ್ಟಣಗಳೆಲ್ಲ ನನ್ನ ಕಪಾಟಿನಲ್ಲೇ ಉಳಿದವು. ಮೊಟ್ಟೆಯ ವ್ಯಾಪಾರಿ, ಮೇವಿನ ಕಂಪನಿಯವ, ಕರೆಂಟಿನವ, ದಾರಿ ತಪ್ಪಿ ಬಂದ ಕನ್ನಡಿಗ, ಎಲ್ಲರೂ ನನ್ನ ಗಟ್ಟಿ ಚಹಾವನ್ನು ಹೊಗಳಿದರು. ಎರಡು ವರ್ಷ ಏನೂ ಆಗಲಿಲ್ಲ. ಕಾರಣ, ನಮ್ಮದು ಬಾವಿಯ ನೀರು. ಅದರಲ್ಲಿ ಕ್ಲೋರಿನ್ನೇ ಇರಲಿಲ್ಲ. ನಾನು ಇದನ್ನು ನನ್ನ ಜಾಣತನ ಎಂದು ತಿಳಿದೆ. ಡಾಕ್ಟರರು ಓದಿದವರು, ಪುಸ್ತಕ ಹೇಳಿದ್ದನ್ನು ಹೇಳುತ್ತಾರೆ, ಅನುಭವ ಬೇರೆ ಎಂದು ನಾಲ್ಕು ಜನರ ಮುಂದೆ ಹೇಳಿಯೂ ಹೇಳಿದೆ.

ಮೂರನೆಯ ಬೇಸಗೆಯಲ್ಲಿ ಬಾವಿ ಕೆಳಗಿಳಿಯಿತು. ಮಾಲೀಕರು ಓಡಾಡಿ ಕೈಗಾರಿಕಾ ಪ್ರದೇಶದ ನಳದ ನೀರು ತಂದರು, ತೆಂಗಿನಕಾಯಿ ಒಡೆಸಿದರು. ಮರುವಾರ ಲಸಿಕೆಯ ಸರದಿ. ನೀರು ತುಂಬುವವಳು ಕೊಡ ಕೆಳಗಿಟ್ಟು ನನ್ನ ಹತ್ತಿರ ಬಂದಳು.

"ಅಣ್ಣಾರ, ಈ ನೀರಿಗೆ ಔಷಧಿ ವಾಸನಿ ಬಡೀತದ. ಬಾವ್ಯಾಗ ಇನ್ನೂ ಹತ್ತಿಪ್ಪತ್ತು ಕೊಡ ಸಿಗ್ತಾವ. ಲಸಿಕೀಗಿ ಅದನ್ನ ತರ್ತೀನಿ ಬಿಡ್ರಿ."

"ಮಂದಿ ಕುಡಿಯೂ ನೀರದು. ನಿನ್ನ ಕೋಳಿಗೇನ ಧಾಡಿ?"

"ಮಂದಿ ಬ್ಯಾರೆ, ಲಸಿಕಿ ಬ್ಯಾರೆ ಅಲ್ರಿ? ಡಾಕ್ಟರ್ ಸಾಹೇಬ್ರು ಅದು ಜೀವಂತ ಇರ್ತದ ಅಂದಿದ್ರು. ಹೋಗ್ಲಿ, ಹಾಲಿನ ಪುಡೀನರ ಹಾಕ್ರಿ."

"ಪುಡಿ ಮುಗದದ."

ಆಕೆ ಒಲೆಯ ಮೇಲಿದ್ದ ಚಹಾದ ಪಾತ್ರೆಯನ್ನು ನೋಡಿದಳು. "ಹಂಗಾರ ಕೋಳಿಗೂ ಒಂದೊಂದು ಕಪ್ ಚಹಾನ ಕೊಟ್ಟುಬಿಡೂಣ್ರಿ."

ಅಲ್ಲಿದ್ದ ಮೇವಿನವನು ನಕ್ಕ. ಅವನು ನಕ್ಕದ್ದೇ ಕೆಟ್ಟಿತು. ಇಲ್ಲದಿದ್ದರೆ ಬಾವಿಯ ನೀರು ತಾ ಎಂದು ಹೇಳುತ್ತಿದ್ದೆನೋ ಏನೋ. "ಭಾಳ ಶಾಣ್ಯಾತನ ಮಾಡಬ್ಯಾಡ. ನೀರು ಸುರುವು" ಅಂದೆ. ಸುರಿದಳು. ಎಂಟು ಸಾವಿರ ಕೋಳಿಗಳು ಸತ್ತ ಲಸಿಕೆಯನ್ನು ಬಾಯಾರಿ ಕುಡಿದವು.

ಮೂರು ವಾರ ಕಳೆದಿರಲಿಲ್ಲ. ಮೊದಲನೆಯ ಶೆಡ್ಡಿನಲ್ಲಿ ಕೋಳಿಗಳು ಬಾಯಿ ತೆರೆದು ಉಸಿರಾಡತೊಡಗಿದವು. ಹಸಿರು ಭೇದಿ, ತಿರುಚಿದ ಕುತ್ತಿಗೆ. ಮೊದಲ ದಿನ ಹನ್ನೊಂದು, ಮರುದಿನ ತೊಂಬತ್ತು, ಆಮೇಲೆ ಎಣಿಸುವುದಕ್ಕಿಂತ ಹೂಳುವುದೇ ಮುಖ್ಯವಾಯಿತು. ಮೊಟ್ಟೆ ಒಯ್ಯಲು ಊರೂರಿನ ಫಾರ್ಮುಗಳನ್ನು ಸುತ್ತಿ ಬರುತ್ತಿದ್ದ ಟೆಂಪೋದ ಟ್ರೇಗಳ ಜೊತೆ ರೋಗ ಬಂದಿತ್ತು ಎಂದು ಈಗ ನನಗೆ ಗೊತ್ತು. ಆಗ ಆ ಟೆಂಪೋದವನಿಗೆ ದಿನವೂ ಚಹಾ ಕೊಟ್ಟು ಒಳಗೆ ಕೂರಿಸುತ್ತಿದ್ದೆ.

ಐದನೆಯ ದಿನ ತಗಡಿನ ಕೋಣೆಯ ಮುಂದೆ ಆಕೆಯ ಹುಂಜ ಬಿತ್ತು. ಆಮೇಲೆ ಎರಡು ಹೇಂಟೆ. ವಾರದೊಳಗೆ ಹದಿನಾಲ್ಕರಲ್ಲಿ ಹನ್ನೊಂದು ಹೋದವು. ಸತ್ತ ಹುಂಜವನ್ನು ಸೆರಗಿನಲ್ಲಿ ಹಿಡಿದುಕೊಂಡು ನನ್ನ ಕೋಣೆಯ ಬಾಗಿಲಿಗೆ ಬಂದಿದ್ದಳು. "ನಿಮ್ಮ ಶೆಡ್ಡಿನ ರೋಗ ನಮ್ಮ ಅಂಗಳಕ್ಕ ಬಂತ್ರಿ ಅಣ್ಣಾರ. ಹಿಂದೂ ಸಣ್ಣಾಗಿ ಬಂದು ಹೋಗ್ತಿತ್ತು. ಒಂದೆರಡು ಸಾಯ್ತಿದ್ವು, ಉಳಿದವು ಎದ್ದು ಅಡ್ಡಾಡ್ತಿದ್ವು. ಇಂಥಾದ್ದು ಎಂದೂ ನೋಡಿದ್ದಿಲ್ಲ." ಅಂದರೆ ಯಾವುದು ಮೊದಲು ಸತ್ತಿತು, ಯಾವುದು ಆಮೇಲೆ ಎಂಬುದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಇದನ್ನು ಓದುವವರು ನೆನಪಿಡಬೇಕು, ನಾನು ಮರೆತಂತೆ ನಟಿಸಿದ್ದೇನೆ.

ಹನ್ನೊಂದನೆಯ ಕೋಳಿ ಸತ್ತ ಮರುದಿನ ಮಾಲೀಕರೂ ಡಾಕ್ಟರರೂ ಒಂದೇ ಜೀಪಿನಲ್ಲಿ ಬಂದರು. ಡಾಕ್ಟರರು ಒಂದು ಸತ್ತ ಕೋಳಿಯನ್ನು ಕೊಯ್ದು, ಹೊಟ್ಟೆಯೊಳಗಿನ ರಕ್ತದ ಚುಕ್ಕೆ ತೋರಿಸಿ, "ಕೊಕ್ಕರೆ ರೋಗ. ಎರಡನೇ ಮಾತಿಲ್ಲ" ಅಂದರು. ಕೈ ತೊಳೆದು ಬಂದು ಕುರ್ಚಿಯ ಮೇಲೆ ಕೂತರು. ನಾನು ಚಹಾ ಕೊಟ್ಟೆ.

"ಲಸಿಕಿ ಯಾವ ನೀರಿನಾಗ ಕೊಟ್ರಿ?"

"ನಳದ ನೀರ್ರಿ."

"ಅಯ್ಯ, ಅದರಾಗ ಕ್ಲೋರಿನ್ ಇರ್ತದಲ್ರೀ! ಹಾಲಿನ ಪುಡಿ ಹಾಕಿದ್ರಿಲ್ಲೋ?"

"ಹಾಕೀನ್ರಿ ಸರ್."

"ಅಳತೀ ಪ್ರಕಾರ?"

"ಅಳತೀಕಿಂತ ಒಂದು ಚಮಚ ಜಾಸ್ತೀನ."

ಡಾಕ್ಟರರು ಚಹಾ ಹೀರಿದರು. ಕಪ್ಪನ್ನು ಕೆಳಗಿಳಿಸಿ ನೋಡಿ ಮತ್ತೆ ಹೀರಿದರು. "ಏನ್ ಗಟ್ಟಿ ಚಹಾ ಮಾಡ್ತೀರಿ! ಈ ಅಡವ್ಯಾಗ ಇಂಥಾ ಹಾಲು ಎಲ್ಲಿಂದ ತರಿಸ್ತೀರಿ?"

"ಇಲ್ಲೇ... ಹಳ್ಳ್ಯಾಗಿಂದ್ರಿ."

"ಇನ್ನೊಂದು ಅರ್ಧ ಕಪ್ ಹಾಕ್ರಿ."

ಸಾಕ್ಷ್ಯವನ್ನು ಬಿಸಿಬಿಸಿಯಾಗಿ ತನಿಖೆಗಾರರಿಗೇ ಕುಡಿಸಿ, ಎರಡನೆಯ ಸಲವೂ ಬಡಿಸಿದೆ. ನೀರು ತುಂಬುವವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಪುಡಿಯ ಮಾತು ಎತ್ತದೆ ಕೊಡ ಎತ್ತಿಕೊಂಡು ಶೆಡ್ಡಿನ ಕಡೆ ಹೋದಳು.

ಮಾಲೀಕರು ಚಹಾ ಮುಟ್ಟಲಿಲ್ಲ. "ಎಂತ ಮಾರಾಯ್ರೆ ಇದು? ಲಸಿಕೆ ಹಾಕಿದ್ದೀರಿ, ಪುಡಿ ಹಾಕಿದ್ದೀರಿ, ಮತ್ತೆ ಕೋಳಿ ಎಂತಕ್ಕೆ ಸಾಯುವುದು? ಯಾರೋ ಹೊರಗಿಂದ ತಂದು ಹಾಕಿದ್ದಾರೆ. ಯಾರು ಹೇಳಿ."

ನನಗೆ ಐವತ್ತರ ಹತ್ತಿರ. ಈ ಕೆಲಸ ಹೋದರೆ ಮುಂದೆ ಯಾರು ಕರೆದಾರು ಎಂದು ನೆನೆದೆ. ಇದನ್ನು ಸಮರ್ಥನೆ ಎಂದು ಬರೆಯುತ್ತಿಲ್ಲ. ಆ ಹೊತ್ತಿಗೆ ತಲೆಯಲ್ಲಿ ಓಡಿದ್ದು ಅದು, ಅಷ್ಟೇ.

"ನೀರು ತುಂಬೂ ಅಕ್ಕನ ಜವಾರಿ ಕೋಳಿ ಸತ್ತಾವ್ರಿ," ಅಂದೆ. ಇದು ನಿಜ.

"ಯಾವಾಗ?"

"ನಮ್ಮೂಕಿಂತ ಮೊದಲ."

ಇದು ಆ ಮಾತು. ಎರಡು ಶಬ್ದ.

ಡಾಕ್ಟರರು ಹುಬ್ಬೇರಿಸಿದರು. "ಮೊದಲ? ಖರೇನ?" ಮಾಲೀಕರು ಆಗಲೇ ಎದ್ದು ತಗಡಿನ ಕೋಣೆಯ ಕಡೆ ಹೊರಟಿದ್ದರು.

ಸುಳ್ಳು ಹೇಗೆ ಬೆಳೆಯುತ್ತದೆ ಎಂಬುದನ್ನು ಆ ಸಂಜೆಯಿಂದ ನೋಡುತ್ತ ಬಂದೆ. ಮೇವಿನವನಿಗೆ "ಬಹುಶಃ ಒಂದು ದಿನ ಮೊದಲು" ಎಂದು ಹೇಳಿದೆ. ಅವನು ಅಷ್ಟಾಗಿ ನಂಬಲಿಲ್ಲ, ಆ ಮಾತು ಅಲ್ಲೇ ಸತ್ತಿತು. ಮೊಟ್ಟೆಯ ವ್ಯಾಪಾರಿಗೆ "ಸಂತೆಯಿಂದ ರೋಗದ ಕೋಳಿ ತಂದಿದ್ದಳು" ಅಂದೆ. ಅವನು ನಂಬಿದ, ಇನ್ನೊಬ್ಬನಿಗೆ ಹೇಳಿದ. ಮರುವಾರ ಮಾಲೀಕರ ಹೋಟೆಲಿನ ಅಡಿಗೆಯವನೇ ನನಗೆ ಹೇಳಿದ: ಆಕೆ ಸತ್ತ ಕೋಳಿಯನ್ನು ನೀರಿನ ಟಾಕಿಯಲ್ಲಿ ತೊಳೆದಳಂತೆ. ಸೌಮ್ಯವಾದ ಸುಳ್ಳುಗಳು ಕೇಳುವವರ ಅನುಮಾನಕ್ಕೆ ಸಿಕ್ಕಿ ಸಾಯುತ್ತಿದ್ದವು. ಉಗ್ರವಾದವು ಬದುಕಿ ಮುಂದಿನ ಬಾಯಿಗೆ ಹಾರುತ್ತಿದ್ದವು. ನಾನು ಹುಟ್ಟಿಸಿದ್ದು ಎರಡು ಶಬ್ದ, ಸಂತೆಯ ಮಾತು ಸೇರಿಸಿ ಬೆಳೆಸಿದವನೂ ನಾನೇ, ಉಳಿದದ್ದು ತಾನೇ ಬಲಿಯಿತು.

ಆಕೆಯನ್ನು ಮಾಲೀಕರು ಬಂದ ದಿನವೇ ಕೆಲಸದಿಂದ ತೆಗೆದಿದ್ದರು. ಸಾಯದೆ ಉಳಿದಿದ್ದ ಮೂರು ಹೇಂಟೆಗಳನ್ನು ಸುಣ್ಣದ ಗುಂಡಿಗೆ ಹಾಕಬೇಕೆಂದು ಮಾಲೀಕರ ಹುಕುಂ. ಒಂದರ ಕುತ್ತಿಗೆ ಸ್ವಲ್ಪ ಓರೆಯಾಗಿತ್ತು, ಆದರೂ ಮೂರೂ ಕಾಳು ಹೆಕ್ಕುತ್ತಿದ್ದವು. ನನ್ನ ಕೈಯಿಂದಲೇ ಕೊಂದು ಹೂತೆ. ನಿಯಮ ಎಂದರೆ ನಿಯಮ, ಬೋರ್ಡು ಇತ್ತಲ್ಲ. ಆಮೇಲೆ ಆಕೆಯ ಸಾಮಾನು ಒಯ್ಯಲು ಟೆಂಪೋ ಕರೆಸಿಕೊಟ್ಟೆ, ಅದನ್ನು ದೊಡ್ಡ ಉಪಕಾರವೆಂದು ವರ್ಷಗಟ್ಟಲೆ ನೆನೆದು ಸಮಾಧಾನಪಟ್ಟೆ.

ಟೆಂಪೋ ಹತ್ತುವ ಮೊದಲು ಆಕೆ ನನ್ನ ಹತ್ತಿರ ಬಂದಳು. ದನಿ ಏರಿಸಲಿಲ್ಲ.

"ಯಾವುದು ಮೊದಲ ಸತ್ತದ್ದು ಅನ್ನೂದು ನಿಮಗ ಗೊತ್ತದ ಅಣ್ಣಾರ."

ನಾನು ಟೆಂಪೋದವನಿಗೆ ಹಗ್ಗ ಬಿಗಿಯಾಗಿ ಕಟ್ಟಲು ಹೇಳಿದೆ.

"ಪುಡಿ ವಿಷಯ ಸಾಹೇಬ್ರ ಮುಂದ ಯಾಕ ಬಾಯಿ ಬಿಡಲಿಲ್ಲ, ಕೇಳ್ರಿ. ಆ ಚಹಾ ದಿನಾ ಎರಡು ಸರ್ತೆ ನಾನೂ ಕುಡದೀನಿ. ಕೋಳಿ ಬಾಯಾಗಿಂದು ಕಸಗೊಂಡು ಕುಡಿದಂಗಾತು ಅದು. ನನಗ ನಾಚಿಕಿ ಬಂತು. ನಿಮಗ ಬರಲಿಲ್ಲೇನ್ರಿ?"

ಸುತ್ತಲಿನ ಫಾರ್ಮುಗಳಲ್ಲಿ ಆಕೆಗೆ ಮುಂದೆ ಯಾರೂ ಕೆಲಸ ಕೊಡಲಿಲ್ಲವೆಂದು ಕೇಳಿದೆ. ಎಂಟು ಸಾವಿರ ಕೋಳಿ ಕೊಂದವಳು ಎಂದು ಹೆಸರಾಗಿತ್ತಂತೆ.

ಕೆಲವು ವರ್ಷಗಳ ಮೇಲೆ ನಾನು ಕೆಲಸ ಬಿಟ್ಟೆ. ಎರಡು ಸಾವಿರದ ಆಚೆ, ಹಕ್ಕಿಜ್ವರದ ಸುದ್ದಿ ಟಿವಿಯಲ್ಲಿ ತುಂಬಿ ಜನ ಕೋಳಿ ತಿನ್ನುವುದನ್ನು ನಿಲ್ಲಿಸಿದ್ದಾಗ, ನಮ್ಮ ಕನ್ನಡದವರು ಸೇರಿ ಅದೇ ಡಾಕ್ಟರರ ಒಂದು ಭಾಷಣ ಇಟ್ಟುಕೊಂಡಿದ್ದರು. ಹಿಂದಿನ ಸಾಲಿನಲ್ಲಿ ಕೂತೆ. ಅವರು ಮಾತಾಡಿದ್ದು ವೈರಸ್ಸು ಮತ್ತು ಅದಕ್ಕೆ ಮನೆ ಕೊಟ್ಟ ಪ್ರಾಣಿಯ ಬಗ್ಗೆ.

"ಹಳ್ಳ್ಯಾಗ ಒಂದು ಅಂಗಳದಾಗ ಹತ್ತು ಕೋಳಿ. ಎರಡು ದಿನದಾಗ ಎಲ್ಲಾನೂ ಕೊಂದು ಹಾಕೂ ವೈರಸ್ಸಿಗೆ ಮುಂದ ಹೋಗಾಕ ಕೋಳೀನ ಸಿಗೂದಿಲ್ಲ. ಕೋಳಿ ಜೋಡಿ ತಾನೂ ಮಣ್ಣಾಗ್ತದ. ಅದಕ್ಕ ಅಲ್ಲಿ ತಡದು ಕೊಲ್ಲೂವು, ಇಲ್ಲಾ ಬರೇ ಶೀತ ಹಚ್ಚೂವು ಹೆಚ್ಚು ಉಳೀತಾವ. ಅತ್ತಲಾಗ ಕೋಳಿನೂ ಬದಲಾಗ್ತಾವ. ತಡಕೊಳ್ಳಲಾರದ್ದು ಸಾಯ್ತದ, ತಡಕೊಂಡದ್ದು ಮರಿ ಮಾಡ್ತದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೋತ ನಡೀತಿರ್ತಾರ. ಶೆಡ್ಡಿನಾಗ ಏನು ಮಾಡ್ತೀವಿ? ಕೊಕ್ಕಿಗೆ ಕೊಕ್ಕು ತಾಗೂ ಹಂಗ ಸಾವಿರಾರು ಕೋಳಿ ಇಡ್ತೀವಿ. ಅಲ್ಲಿ ವೈರಸ್ಸಿಗೆ ತಾಳ್ಮಿ ಯಾಕ ಬೇಕು? ಎಷ್ಟು ಜೋರು ಕೊಂದ್ರೂ ಮುಂದಿನ ಕೋಳಿ ಒಂದು ಗೇಣಿನ ಮ್ಯಾಲೆ ಕುಂತಿರ್ತದ. ಇನ್ನ ಕೋಳಿ? ಅದನ್ನ ಮೊಟ್ಟಿ ಲೆಕ್ಕಕ್ಕ ಆರಿಸಿರ್ತೀವಿ, ರೋಗ ತಡಿಯೂದಕ್ಕಲ್ಲ. ಅದು ಒಂದು ತಲೆಮಾರು ದಾಟೂದ್ರಾಗ ವೈರಸ್ಸು ಸಾವಿರ ತಲೆಮಾರು ದಾಟಿರ್ತದ. ಮ್ಯಾಲೆ ನಾವು ಲಸಿಕಿ ಅರ್ಧಾಮರ್ಧ ಕೊಟ್ರ ಇನ್ನೂ ಚಲೋ ಆತು. ಕೋಳಿ ಲಗೂನ ಸಾಯೂದೂ ಇಲ್ಲ, ರೋಗ ಹರಡೂದನ್ನ ಬಿಡೂದೂ ಇಲ್ಲ. ಉಗ್ರ ವೈರಸ್ಸಿಗೆ ಅದು ಮಾವನ ಮನಿ."

ಮುಂದಿನ ಸಾಲಿನ ಹಿರಿಯರೊಬ್ಬರು ಕೈ ಎತ್ತಿದರು. "ಅದೆಲ್ಲಾ ಖರೇ ಅದರೀ. ಈಗ ಆಮ್ಲೆಟ್ ತಿನ್ನಬೇಕೋ ಬ್ಯಾಡೋ ಅಷ್ಟು ಹೇಳ್ರಿ."

ಎಲ್ಲರೂ ನಕ್ಕರು. ನನಗೆ ಆಗಲಿಲ್ಲ. ತಗಡಿನ ಕೋಣೆಯ ಮುಂದೆ ಎಷ್ಟೋ ತಲೆಮಾರಿನಿಂದ ಕೋಳಿಗೂ ರೋಗಕ್ಕೂ ನಡುವೆ ನಡೆದು ಬಂದಿದ್ದ ಒಪ್ಪಂದವನ್ನು ನಮ್ಮ ಶೆಡ್ಡು ಮುರಿದಿತ್ತು. ಅದರಿಂದ ಕೋಳಿ ಕಳೆದುಕೊಂಡವಳನ್ನೇ ನಾನು ಅಪರಾಧಿಯನ್ನಾಗಿ ಮಾಡಿದ್ದೆ.

ಸಭೆ ಮುಗಿದ ಮೇಲೆ ಡಾಕ್ಟರರನ್ನು ಮೂಲೆಗೆ ಕರೆದು ಎಲ್ಲ ಹೇಳಿದೆ. ಪುಡಿ, ಚಹಾ, ದಿನ ತಿರುಚಿದ್ದು. ನನ್ನ ಕಣ್ಣಲ್ಲಿ ನೀರು ಬಂದಿತ್ತು.

"ನನಗ ಅರ್ಧ ಕಪ್ ಹೆಚ್ಚಿಗಿ ಕುಡಿಸಿದ್ರಿ," ಅಂದರು ಡಾಕ್ಟರರು. ಆಮೇಲೆ, "ಉಳಿದಿದ್ದು ಮೂರು ಕೋಳಿ ಅಂದ್ರಲ್ಲ, ಏನು ಮಾಡಿದ್ರಿ?"

"ಹುಗದ್ನಿರಿ."

"ಛೇ." ತಲೆ ಅಲ್ಲಾಡಿಸಿದರು. "ಹುಟ್ಟಾ ಗಟ್ಟಿ ಇದ್ವೋ, ಹಿಂದ ಸಣ್ಣ ರೋಗ ಬಂದು ಹೋಗಿತ್ತೋ, ನನಗ ಹೇಳಾಕ ಬರೂದಿಲ್ಲ. ಕಾವಿಗೆ ಕುಂದರಿಸಿ ಮರಿ ಮಾಡಿಸಿದ್ರ ಗೊತ್ತಾಗ್ತಿತ್ತು. ಅಂಥಾ ರೋಗಕ್ಕ ಎದುರು ನಿಂತವು ಆ ಮೂರ. ಅವನ್ನ ಬೋರ್ಡು ನೋಡಿ ಕೊಂದ್ರಿ. ಹೋಗ್ಲಿ. ಆಕಿ ಮುಂದ ಹೇಳೀರೇನು ಇದನ್ನ?"

"ಇಲ್ರಿ."

"ಮತ್ತ ನನ್ನ ಮುಂದ ಯಾಕ ಅಳ್ತೀರಿ? ಅಲ್ಲಿ ಹೋಗಿ ಅಳ್ರಿ."

ಹುಡುಕಿದೆ. ಹಿಂಜವಾಡಿಯಲ್ಲಿ ಹೊಸದಾಗಿ ಎದ್ದಿದ್ದ ಒಂದು ಎತ್ತರದ ಕಟ್ಟಡದಲ್ಲಿ ಗುಡಿಸುವ ಕೆಲಸಕ್ಕಿದ್ದಾಳೆ ಎಂದು ತಿಳಿಯಿತು. ಬಸ್ಸಿನಲ್ಲಿ ಹೋಗುವಾಗ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದೆ. ಕಂಪನಿಯ ಗಾಡಿಗಳ ನಡುವೆ ಬಸ್ಸು ನಿಂತು ನಿಂತು ಸಾಗುತ್ತಿದ್ದುದರಿಂದ ತಿದ್ದಲು ಸಮಯ ಬಹಳ ಸಿಕ್ಕಿತು. ಎಷ್ಟು ತಿದ್ದಿದೆನೆಂದರೆ ಕಡೆಗೆ ಅದರಲ್ಲಿ "ಪರಿಸ್ಥಿತಿ" ಮೂರು ಸಲ ಬಂದಿತ್ತು, "ನಾನು" ಒಂದು ಸಲವೂ ಇರಲಿಲ್ಲ.

ಗೇಟಿನ ಒಳಗೆ, ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡು, ಆಕೆ ಪೈಪು ಹಿಡಿದು ಮೆಟ್ಟಿಲು ತೊಳೆಯುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. ನಡುವೆ ಇಪ್ಪತ್ತು ಹೆಜ್ಜೆ.

"ಕೋಣಾಲಾ ಭೇಟಾಯಚಂಯ್, ಕಾಕಾ?" ಯಾರನ್ನು ನೋಡಬೇಕು ಎಂದು ವಾಚ್‌ಮನ್ ಕೇಳಿದ.

ಆಕೆ ತಲೆ ಎತ್ತಿ, ಬಿಸಿಲಿಗೆ ಕೈ ಅಡ್ಡ ಹಿಡಿದು ಗೇಟಿನ ಕಡೆ ನೋಡಿದಳು. ಗುರುತು ಹಿಡಿದಳೋ ಇಲ್ಲವೋ ಗೊತ್ತಿಲ್ಲ.

"ಪತ್ತಾ ಚುಕಲಾ," ಅಂದೆ. ವಿಳಾಸ ತಪ್ಪಿತು. ಬಂದ ಬಸ್ಸನ್ನೇ ಹತ್ತಿ ಕೂತೆ. ಮುಂದಿನ ತಿಂಗಳು ಧೈರ್ಯ ತಂದುಕೊಂಡು ಹೋದಾಗ ಗುತ್ತಿಗೆದಾರ ಬದಲಾಗಿದ್ದ, ಕೆಲಸದವರೆಲ್ಲ ಹೊಸಬರು. ಊರಿಗೆ ಹೋಗಿರಬಹುದು ಎಂದರು, ವಾಕಡ್ ಕಡೆ ಇರಬಹುದು ಎಂದರು. ಅಷ್ಟೇ ಸಾಕೆಂದು ನಾನೂ ಹುಡುಕುವುದನ್ನು ಬಿಟ್ಟೆ.

ಉಳಿದವರ ವಿಷಯದಲ್ಲಿ ನಾನು ಬಹಳ ಶ್ರದ್ಧೆಯಿಂದ ಪಶ್ಚಾತ್ತಾಪಪಟ್ಟಿದ್ದೇನೆ. ಮಾಲೀಕರ ಹೋಟೆಲಿಗೆ ಹೋಗಿ ತಪ್ಪೊಪ್ಪಿಕೊಂಡೆ. "ಆ ಸುದ್ದಿ ಈಗ ಎಂತಕ್ಕೆ ಮಾರಾಯ್ರೆ? ಊಟ ಮಾಡಿ ಹೋಗಿ" ಅಂದರು. ಹೊಟ್ಟೆ ತುಂಬ ಉಂಡು ಬಂದೆ. ಡಾಕ್ಟರರ ಕೈ ಹಿಡಿದೆ. ಹೆಂಡತಿಗೆ ಹೇಳಿದೆ, ದೇವರಿಗೆ ಹೇಳಿದೆ. ಎಲ್ಲರೂ ಬೇಗ ಕ್ಷಮಿಸಿದರು, ಅವರಲ್ಲಿ ಯಾರೂ ನನ್ನಿಂದ ಏನನ್ನೂ ಕಳೆದುಕೊಂಡು ಬೀದಿಗೆ ಬಿದ್ದಿರಲಿಲ್ಲ. ಕ್ಷಮೆ ಕೇಳದೆ ಉಳಿದದ್ದು ಒಬ್ಬಳನ್ನು: ನಮ್ಮ ಶೆಡ್ಡುಗಳಿಗೆ ನೀರು ತುಂಬುತ್ತಿದ್ದ ಅಕ್ಕಲಕೋಟೆ ಕಡೆಯ ಅಕ್ಕನನ್ನು.